ಎರಡು ಸ್ಟೇಷನ್ನುಗಳ ನಡುವಿನ ಹೊಲ

ನಡೆಯುವುದಕ್ಕೆಂದೇ ಟಿಕೆಟ್ ಕೊಂಡು ರೈಲು ಹತ್ತುವ ಜನ ಇದ್ದಾರೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನಮ್ಮ ಕಡೆ ಬಸ್ಸು ಕೈಕೊಟ್ಟರೆ ನಡೆಯುತ್ತಾರೆ, ಆಟೊದವನು ಬರುವುದಿಲ್ಲವೆಂದರೆ ನಡೆಯುತ್ತಾರೆ, ಡಾಕ್ಟರು ಹೆದರಿಸಿದರೆ ನಡೆಯುತ್ತಾರೆ. ರೈಲು ಇರುವುದೇ ನಡೆಯದೆ ಇರುವುದಕ್ಕೆ ಎಂದು ನಾನು ಮೂವತ್ತಾರು ವರ್ಷ ಮಕ್ಕಳಿಗೆ ಪಾಠ ಹೇಳಿದವಳು.

ನಾನು ತುಮಕೂರು ರಸ್ತೆಯ ಮಾಕಳಿಯವಳು. ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಗಿರಿ ಮುಗಿಸಿದ ಮೇಲೂ ಊರಿಗೆಲ್ಲ ಟೀಚರಮ್ಮನೇ. ತಂಗಿಯ ಮಗಳು ಶುಭಾ ಇಂಗ್ಲೆಂಡಿನ ಡೆವನ್ ಎಂಬ ಸೀಮೆಯಲ್ಲಿ ನರ್ಸು. "ದೊಡ್ಡಮ್ಮ, ರಿಟೈರ್ ಆಯ್ತಲ್ಲ, ಇನ್ನೇನು ನೆಪ ಹೇಳ್ತೀಯ?" ಎಂದು ಫೋನಿನಲ್ಲಿ ಪೀಡಿಸಿ ಪೀಡಿಸಿ ನನ್ನನ್ನು ಆರು ವಾರಕ್ಕೆ ಕರೆಸಿಕೊಂಡಳು. ಆ ಆರು ವಾರದಲ್ಲಿ ನೋಡಿದ ಚರ್ಚು, ಕೋಟೆ, ಸಮುದ್ರ ಯಾವುದನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಒಂದು ಶನಿವಾರ ಎರಡು ಸ್ಟೇಷನ್ನುಗಳ ನಡುವೆ ನಡೆದದ್ದನ್ನು ಮಾತ್ರ ಬರೆಯುತ್ತೇನೆ. ಅದಕ್ಕೆ ಮೊದಲು ಹೊರಡುವ ಹಿಂದಿನ ದಿನದ ಸಂಗತಿ ಹೇಳಬೇಕು.

ಮಾಕಳಿ, ಹೊರಡುವ ಹಿಂದಿನ ದಿನ

ಸೋಲದೇವನಹಳ್ಳಿ ರೈಲ್ವೆ ಸ್ಟೇಷನ್ನಿನಿಂದ ಮಾಕಳಿಗೆ ಬರುವ ಒಳದಾರಿಯಲ್ಲಿ ನಮ್ಮದೊಂದು ಹೊಲವಿದೆ. ನನಗೂ ತಮ್ಮ ಕೆಂಪಣ್ಣನಿಗೂ ಸೇರಿದ್ದು. ಸುತ್ತಲೂ ಗೋಡೌನು, ಶೆಡ್ಡು, ಬಾಡಿಗೆ ರೂಮುಗಳು ಎದ್ದುಬಿಟ್ಟಿವೆ. ನಾವಿನ್ನೂ ರಾಗಿ ಹಾಕುತ್ತೇವೆ. ಬೆಳಗಿನ ಪ್ಯಾಸೆಂಜರ್ ರೈಲಿನಿಂದ ಇಳಿಯುವ ಹೆಂಗಸರೂ, ಸ್ಟೇಷನ್ ಹತ್ತಿರದ ರೂಮುಗಳಲ್ಲಿರುವ ಹೆಂಗಸರೂ ಸೇರಿ ಹದಿನೈದು ಇಪ್ಪತ್ತು ಜನ ಆ ಹೊಲದ ನಡುವೆಯೇ ಹಾದು ಮಾಕಳಿಯ ಫ್ಯಾಕ್ಟರಿಗಳಿಗೆ ಹೋಗುತ್ತಿದ್ದರು. ನನ್ನ ಅಪ್ಪನ ಕಾಲದಲ್ಲೂ ಅಲ್ಲಿ ಕಾಲುದಾರಿ ಇತ್ತು. ಆದರೆ ಅಪ್ಪನ ಕಾಲದಲ್ಲಿ ಬಿಸ್ಕತ್ತಿನ ಕವರು ಇರಲಿಲ್ಲ, ನೀರಿನ ಬಾಟಲಿ ಇರಲಿಲ್ಲ. ಕಾಂಪೌಂಡ್ ಹಾಕಿಬಿಡೋಣ ಎಂದು ಕೆಂಪಣ್ಣ ಹೇಳಿದಾಗ ನಾನು ಒಪ್ಪಿದೆ. ಪಾಯ ತೋಡಿದ್ದೂ ಆಗಿತ್ತು.

ನಾನು ಹುರಿಹಿಟ್ಟು ಚಟ್ನಿಪುಡಿ ಕಟ್ಟುತ್ತಿದ್ದಾಗ ನೀಲಮ್ಮ ಬಂದು ಬಾಗಿಲಲ್ಲಿ ನಿಂತಳು. ಯಾದಗಿರಿ ಕಡೆಯವಳು. ಸ್ಟೇಷನ್ ಹತ್ತಿರ ಶೀಟಿನ ರೂಮಿನಲ್ಲಿದ್ದಾಳೆ, ರಟ್ಟಿನ ಡಬ್ಬ ಮಾಡುವ ಫ್ಯಾಕ್ಟರಿಗೆ ಹೋಗುತ್ತಾಳೆ.

"ಟೀಚರ್ರೀ, ಒಂದು ಮಾತು ಕೇಳಬೇಕಿತ್ರೀ. ಗ್ವಾಡಿ ಕಟ್ರಿ, ಬ್ಯಾಡ ಅನ್ನಂಗಿಲ್ಲ. ಒಬ್ಬಾಕಿ ಹೋಗುವಷ್ಟು ಸಂದು ಬಿಡ್ರಿ, ಸಾಕು. ಇಲ್ಲಾಂದ್ರ ಲಾರಿ ರಸ್ತಾ ಸುತ್ತಿ ಬರಬೇಕ್ರೀ ನಾವು."

"ನಮ್ಮ ಹೊಲ ಏನು ಬಸ್ ಸ್ಟ್ಯಾಂಡಾ?" ಎಂದೆ. "ಹೋದ ವರ್ಷ ಅವರೆ ಸಾಲೆಲ್ಲ ತುಳಿದು ಹಾಕಿದ್ರಿ. ನಿಮ್ಮೂರಲ್ಲಿ ಕಂಡೋರ ಹೊಲದಲ್ಲಿ ಹಿಂಗೆ ನಡ್ಕೊಂಡು ಹೋಗ್ತೀರಾ?"

"ಹೂಂ ರೀ," ಎಂದಳು ಅವಳು, ನಾನು ಕೇಳಿದ್ದು ನಿಜವಾದ ಪ್ರಶ್ನೆ ಎಂಬಂತೆ. "ನಮ್ಮೂರಾಗ ಹೊಲದಾಗ ದಾರಿ ಇರ್ತಾವ್ರೀ. ಯಾರೂ ಏನೂ ಅನ್ನಂಗಿಲ್ಲ."

ಸಿಟ್ಟು ನೆತ್ತಿಗೇರಿತು. "ಹಂಗಾದ್ರೆ ನಿಮ್ಮೂರಿಗೇ ಹೋಗಿ ನಡಿ" ಎಂದುಬಿಟ್ಟೆ. ನೀಲಮ್ಮ ಸೆರಗು ಸರಿಮಾಡಿಕೊಂಡು, "ಸುಖವಾಗಿ ಹೋಗಿ ಬರ್ರಿ ಟೀಚರ್" ಎಂದು ಹೇಳಿ ಹೋದಳು. ನಾನು ಚಟ್ನಿಪುಡಿಯ ಕವರಿಗೆ ಇನ್ನೊಂದು ಗಂಟು ಹಾಕಿದೆ.

ಇಳಿದ ಸ್ಟೇಷನ್

ಶುಭಾಳ ಊರಿನಲ್ಲಿ ನಡೆಯುವವರ ಗುಂಪೊಂದಿದೆ. ಶನಿವಾರ ಬಂದರೆ ರೈಲು ಹತ್ತುತ್ತಾರೆ, ಎಲ್ಲೋ ಇಳಿಯುತ್ತಾರೆ, ಇನ್ನೊಂದು ಸ್ಟೇಷನ್ನಿಗೆ ನಡೆಯುತ್ತಾರೆ, ಅಲ್ಲಿಂದ ಮತ್ತೆ ರೈಲಿನಲ್ಲಿ ಮನೆಗೆ ಬರುತ್ತಾರೆ. ಶುಭಾಳನ್ನು ಬಿಟ್ಟರೆ ಎಲ್ಲರಿಗೂ ಅರವತ್ತು ದಾಟಿದೆ. ಗುಂಪಿನ ಯಜಮಾನಿ ಜೋನ್ ಎಂಬ ಅಜ್ಜಿ, ಎಂಬತ್ತಕ್ಕೆ ಒಂದು ಕಡಿಮೆ. ಕೊರಳಲ್ಲಿ ನಕ್ಷೆ, ಜೇಬಿನಲ್ಲಿ ಗಿಡ ಕತ್ತರಿಸುವ ಕತ್ತರಿ. ನನ್ನ ಸೀರೆಯನ್ನೂ ಕ್ಯಾನ್ವಾಸ್ ಶೂವನ್ನೂ ಮೇಲಿನಿಂದ ಕೆಳಗೆ ನೋಡಿ, "ಮಳೆ ಬರಲ್ಲ, ನಡೆಯುತ್ತೆ" ಎಂದಳು.

ನಾವು ಇಳಿದ ಸ್ಟೇಷನ್ನಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮಾಸ್ತರಿಲ್ಲ, ಟೀ ಮಾರುವವನಿಲ್ಲ, ಮಲಗಿದ ನಾಯಿಯಿಲ್ಲ. ಒಂದು ಬೆಂಚು, ಹೂವಿನ ನಾಲ್ಕು ಕುಂಡ, ಅಷ್ಟೇ. ನಮ್ಮ ಸೋಲದೇವನಹಳ್ಳಿ ಎಷ್ಟು ಚಿಕ್ಕ ಸ್ಟೇಷನ್ನು, ಅಲ್ಲೂ ಯಾರಾದರೊಬ್ಬರು ಹಸಿರು ಬಾವುಟ ಹಿಡಿದು ನಿಂತಿರುತ್ತಾರೆ. ನಮ್ಮನ್ನು ಇಳಿಸಿದ ರೈಲು ತಿರುವಿನಲ್ಲಿ ಮರೆಯಾಯಿತು.

"ಈಗ ಎಲ್ಲಿಗೆ?" ಎಂದೆ.

"ಮುಂದಿನ ಸ್ಟೇಷನ್‌ಗೆ ನಡೆಯೋದು ದೊಡ್ಡಮ್ಮ."

"ಈ ರೈಲು ಅಲ್ಲಿಗೇ ಹೋಗ್ತಾ ಇತ್ತಲ್ಲೇ!"

ಶುಭಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಗುಂಪಿಗೆ ಗುಂಪೇ ನಕ್ಕಿತು. ನಾನು ನಗಲಿಲ್ಲ. ಟಿಕೆಟ್ ದುಡ್ಡು ದಂಡವಾಯಿತೆಂದು ನನಗೆ ನಿಜವಾಗಿಯೂ ಸಂಕಟವಾಗಿತ್ತು.

ಯಾರದೋ ಹಿತ್ತಲು

ಮೊದಲ ಆಘಾತ ಹತ್ತು ನಿಮಿಷದಲ್ಲೇ ಆಯಿತು. ಜೋನ್ ಅಜ್ಜಿ ರಸ್ತೆ ಬಿಟ್ಟು ಒಂದು ಮನೆಯ ಪಕ್ಕದ ಚಿಕ್ಕ ಗೇಟು ತೆಗೆದು ಒಳಗೆ ಹೊರಟಳು. ಉಳಿದವರು ಅವಳ ಹಿಂದೆ. ಅದು ಆ ಮನೆಯ ಹಿತ್ತಲು! ಒಬ್ಬ ಹೆಂಗಸು ಬಟ್ಟೆ ಒಣಗಹಾಕುತ್ತಿದ್ದಳು. ಹತ್ತು ಜನ ಅಪರಿಚಿತರು ಅವಳ ಒದ್ದೆ ಲಂಗಗಳ ಕೆಳಗೆ ತಲೆ ತಗ್ಗಿಸಿಕೊಂಡು ಹಾದುಹೋದರೆ ಅವಳು ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಕೈ ಬೀಸಿದಳು. ನಮ್ಮ ಮಾಕಳಿಯಲ್ಲಿ ಹೀಗೆ ಯಾರಾದರೂ ನುಗ್ಗಿದ್ದರೆ ಕೆಂಪಣ್ಣ ದೊಣ್ಣೆ ಹುಡುಕುತ್ತಿದ್ದ. ನನಗೆ ಕಳ್ಳತನಕ್ಕೆ ಹೊರಟವಳಂತೆ ಎದೆ ಹೊಡೆದುಕೊಳ್ಳುತ್ತಿತ್ತು.

"ಶುಭಾ, ಪೊಲೀಸರು ಬಂದ್ರೆ ನನ್ನ ವೀಸಾ ಗತಿ ಏನೇ?"

"ಇದು ಎಲ್ಲರ ದಾರಿ ದೊಡ್ಡಮ್ಮ. ಮನೆ ಅವರದು, ದಾರಿ ಊರಿನದು."

ಹಿತ್ತಲಿನ ಕೊನೆಗೆ ಮುಳ್ಳುತಂತಿ ಬೇಲಿ, ಬೇಲಿಗೆ ಆ ಕಡೆ ಈ ಕಡೆ ಮರದ ಮೆಟ್ಟಿಲು. ದನಗಳು ಹಾಯದಂತೆ, ಮನುಷ್ಯರು ಮಾತ್ರ ಹತ್ತಿ ಇಳಿಯುವಂತೆ ಮಾಡಿದ ಉಪಾಯ ಅದು. ಪ್ಯಾಂಟು ಹಾಕಿದವರು ಪಟಪಟ ಹತ್ತಿ ಇಳಿದರು. ನಾನು ಮೇಲೇರಿ ಆ ಕಡೆ ಕಾಲಿಡುವಷ್ಟರಲ್ಲಿ ನೆರಿಗೆ ತಂತಿಗೆ ಸಿಕ್ಕಿಕೊಂಡಿತು. ಮುಂದೆ ಹೋದರೆ ಸೀರೆ ಹೋಗುತ್ತದೆ, ಹಿಂದೆ ಬಂದರೆ ಮಾನ ಹೋಗುತ್ತದೆ. ಜೋನ್ ಅಜ್ಜಿ ಹಿಂದಿರುಗಿ ಬಂದು, ನೆಲದ ಮೇಲೆ ಮಂಡಿಯೂರಿ, ಒಂದೊಂದೇ ಎಳೆ ಬಿಡಿಸಿದಳು. ಆಮೇಲೆ ಜೇಬಿನ ಕತ್ತರಿಯಿಂದ ಆ ಚಾಚಿಕೊಂಡಿದ್ದ ತಂತಿಯ ತುದಿಯನ್ನು ಕಟಕ್ಕೆಂದು ಕತ್ತರಿಸಿದಳು. ಇನ್ನೊಬ್ಬರ ಬೇಲಿ! ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ಬಾರ್ಲಿ ಹೊಲ

ಪಿನ್ನು ಹಾಕಿ ಸೀರೆ ಸರಿಮಾಡಿಕೊಳ್ಳುವಷ್ಟರಲ್ಲಿ ನಾನು ಹಿಂದೆ ಬಿದ್ದಿದ್ದೆ. ಮುಂದೆ ಬಾರ್ಲಿ ಹೊಲ. ಸೊಂಟದೆತ್ತರ ಬೆಳೆದು ತೆನೆ ಹೊಡೆದಿದೆ, ಗಾಳಿಗೆ ತೊನೆಯುತ್ತಿದೆ. ಆ ಬೆಳೆಯ ನಟ್ಟನಡುವೆ ಇವರೆಲ್ಲ ಸಾಲಾಗಿ ನಡೆದುಹೋಗುತ್ತಿದ್ದಾರೆ. ನನಗೆ ಕಾಣುತ್ತಿದ್ದದ್ದು ಟೋಪಿಗಳು ಮಾತ್ರ.

ನನಗೆ ಕಾಲು ಏಳಲಿಲ್ಲ. ಚಿಕ್ಕಂದಿನಲ್ಲಿ ರಾಗಿ ತೆನೆ ಕಾಲಿಗೆ ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಎಂದು ಅಪ್ಪ ಕಲಿಸಿದ್ದ. ಶೂ ಹಾಕಿಕೊಂಡು ತೆನೆ ಹೊಡೆದ ಪೈರಿನೊಳಗೆ ಹೇಗೆ ಹೋಗಲಿ? ಓದಿದ ಜನ, ವಯಸ್ಸಾದ ಜನ, ಅನ್ನ ತುಳಿಯುತ್ತಿದ್ದಾರಲ್ಲ ಎಂದು ಮೈ ಉರಿಯಿತು. ಸರಿ, ಇವರಿಗೆ ಬುದ್ಧಿಯಿಲ್ಲದಿದ್ದರೆ ನನಗಾದರೂ ಇದೆಯಲ್ಲ ಎಂದುಕೊಂಡು ನಾನು ಬದುವಿನ ಮೇಲೆ ಹೊರಟೆ. ಹೊಲವನ್ನು ಸುತ್ತಿ, ಬೇಲಿಯ ಅಂಚಿನಲ್ಲಿ, ಒಂದು ತೆನೆಗೂ ಸೀರೆ ಸೋಕದಂತೆ.

ಅರ್ಧ ದಾರಿಗೆ ಬಂದಿರಬಹುದು. ನಾಲ್ಕು ಚಕ್ರದ ಮೋಟಾರ್ ಬೈಕೊಂದು ಗುರ್ರೆನ್ನುತ್ತ ಬಂದು ನನ್ನೆದುರು ನಿಂತಿತು. ಕೆಂಪು ಮುಖದ ಒಬ್ಬ ದಡೂತಿ ರೈತ ಕೈ ಬೀಸುತ್ತ ಕೂಗತೊಡಗಿದ. ಅವನ ಇಂಗ್ಲಿಷು ಒಂದಕ್ಷರವೂ ತಿಳಿಯಲಿಲ್ಲ. ಎರಡೂ ಕೈ ಮುಗಿದು, ಶಾಲೆಯಲ್ಲಿ ಕಲಿಸಿದ ಇಂಗ್ಲಿಷೆಲ್ಲ ಒಟ್ಟುಮಾಡಿ, "ತಪ್ಪಾಯಿತು ಸಾರ್, ಪೈರು ತುಳಿದಿಲ್ಲ ಸಾರ್" ಎಂದೆ. ಅವನಿಗೆ ಕೋಪ ಇನ್ನೂ ಜಾಸ್ತಿಯಾಯಿತು.

ಶುಭಾ ಓಡಿಬಂದಳು. ಅವನ ಮಾತು ಕೇಳುತ್ತ ಕೇಳುತ್ತ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

"ದೊಡ್ಡಮ್ಮ, ಇವರು ಬೈತಾ ಇರೋದು ನೀನು ಹೊಲದೊಳಗೆ ಬಂದಿದ್ದಕ್ಕಲ್ಲ. ನಡುವೆ ನಡೀಲಿಲ್ಲ ಅಂತ."

"ಏನಂದೆ?"

"ದಾರಿ ಇರೋದು ಹೊಲದ ನಡುವೆ. ಬಾರ್ಲಿ ಎದ್ದ ಮೇಲೆ ಇವರೇ ಅಳತೆ ಹಿಡಿದು ಕೊಯ್ದು ದಾರಿ ಬಿಟ್ಟಿದ್ದಾರೆ. ಈ ಬದುವಿನ ಹುಲ್ಲಲ್ಲಿ ಹಕ್ಕಿ ಗೂಡು ಕಟ್ಟಿವೆಯಂತೆ, ಅದಕ್ಕೆ ಇದನ್ನ ಹಂಗೇ ಬಿಟ್ಟಿರೋದಂತೆ. ನಿಮಗೇಂತ ನಡುವೆ ದಾರಿ ಮಾಡಿಕೊಟ್ರೆ ನೀವು ಹಕ್ಕಿ ತುಳೀತೀರಲ್ಲ ಅಂತ ಕೇಳ್ತಿದ್ದಾರೆ."

ನಾನು ದಂಗಾಗಿ ನಿಂತೆ. ಅರವತ್ತೊಂದು ವರ್ಷದಲ್ಲಿ ಯಾವ ರೈತನೂ, ನನ್ನ ಹೊಲದ ನಡುವೆ ಯಾಕೆ ನಡೆಯಲಿಲ್ಲ ಎಂದು ಜಗಳಕ್ಕೆ ಬಂದದ್ದನ್ನು ನಾನು ಕಂಡಿರಲಿಲ್ಲ. ನನ್ನ ಮುಖ ನೋಡಿ ಅವನಿಗೂ ಏನನ್ನಿಸಿತೋ. ಬೈಕು ನಿಲ್ಲಿಸಿ, ಬಾ ಎಂದು ಸನ್ನೆ ಮಾಡಿ ದಾರಿ ಶುರುವಾಗುವ ಕಡೆಗೆ ಕರೆದುಕೊಂಡು ಹೋದ. ಎರಡು ಕಡೆಯಿಂದಲೂ ವಾಲಿದ್ದ ಬಾರ್ಲಿಯನ್ನು ತನ್ನ ಎರಡು ಕೈಯಿಂದ ಸರಿಸುತ್ತ ಮುಂದೆ ನಡೆದ. ಕೆಳಗೆ ನೋಡಿದರೆ ನಿಜವಾಗಿಯೂ ದಾರಿ. ಒಂದು ತೆನೆಯೂ ಕಾಲ ಕೆಳಗಿರಲಿಲ್ಲ.

ಹೊಲದಾಚೆ ಬುತ್ತಿ ಬಿಚ್ಚಿ ಕೂತಾಗ ಜೋನ್ ಅಜ್ಜಿ ವಿವರಿಸಿದಳು. ಹೊಲದವನು ಉಳಲಿ, ಬಿತ್ತಲಿ, ದಾರಿಯನ್ನು ಮಾತ್ರ ಮತ್ತೆ ಗುರುತು ಮಾಡಿಕೊಡಬೇಕು, ಅಲ್ಲಿನ ಕಾನೂನೇ ಹಾಗೆ. ದಾರಿ ಈ ರೈತನಿಗಿಂತ, ಅವನ ಅಜ್ಜನಿಗಿಂತ ಹಳೆಯದು. ಹಿಂದೆ ಒಬ್ಬ ಜಮೀನುದಾರ ಗೇಟಿಗೆ ಬೀಗ ಹಾಕಿದ್ದನಂತೆ.

"ನೀವೇನು ಮಾಡಿದ್ರಿ?" ಎಂದು ಕೇಳಿದೆ.

"ಪ್ರತಿ ಶನಿವಾರ ಹೋಗಿ ಆ ಗೇಟಿನ ಮುಂದೆ ಕೂತು ಊಟ ಮಾಡಿದ್ವಿ. ಎರಡನೇ ಚಳಿಗಾಲಕ್ಕೆ ಬೀಗ ತೆಗೆದ," ಎಂದಳು. ನನ್ನ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಸವರಿಕೊಂಡು, ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತ ಕೇಳಿದಳು: "ನಿಮಗೂ ಹೊಲ ಇದೆಯಂತಲ್ಲ. ಅದರಲ್ಲೂ ದಾರಿ ಇದೆಯಾ?"

"ಇಲ್ಲ" ಎಂದೆ.

ಸುಳ್ಳು ಹೇಳಿದ ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಅಷ್ಟು ಸಲೀಸಾಗಿ ನನ್ನ ಬಾಯಿಂದ ಅದು ಬಂದದ್ದಕ್ಕೆ ನಾನೇ ಬೆಚ್ಚಿದೆ.

ಕೈ ಅಡ್ಡ ಹಾಕಿದರೆ ನಿಲ್ಲುವ ರೈಲು

ಸಂಜೆ ತಲುಪಿದ ಸ್ಟೇಷನ್ನು ಮೊದಲಿನದಕ್ಕಿಂತಲೂ ಚಿಕ್ಕದು. ಇಲ್ಲಿ ರೈಲು ತಾನಾಗಿ ನಿಲ್ಲುವುದಿಲ್ಲ, ಡ್ರೈವರಿಗೆ ಕೈ ತೋರಿಸಬೇಕು ಎಂದಳು ಶುಭಾ. ಹಳೇ ಕಾಲದಲ್ಲಿ ತುಮಕೂರು ಬಸ್ಸಿಗೆ ಕೈ ಅಡ್ಡ ಹಾಕುತ್ತಿದ್ದೆವಲ್ಲ, ಹಾಗೆ. ನನ್ನನ್ನು ಗೇಲಿ ಮಾಡುತ್ತಿದ್ದಾಳೆ ಎಂದುಕೊಂಡೆ. ಜೋನ್ ಅಜ್ಜಿ ನನ್ನನ್ನೇ ಮುಂದಕ್ಕೆ ತಳ್ಳಿದಳು. ತಿರುವಿನಲ್ಲಿ ರೈಲು ಕಾಣಿಸಿತು. ಕೈ ಎತ್ತಿದೆ. ಅಷ್ಟು ದೊಡ್ಡ ರೈಲು ಒಬ್ಬ ಮಾಕಳಿಯ ಹೆಂಗಸಿನ ಕೈ ನೋಡಿ ನಿಧಾನ ಮಾಡಿ, ನನ್ನೆದುರಿಗೇ ನಿಂತಿತು. ಎತ್ತಿದ ಕೈ ಇಳಿಸುವುದೇ ಮರೆತುಹೋಯಿತು.

ಕಿಟಕಿ ಪಕ್ಕ ಕೂತು ಫೋನು ತೆಗೆದರೆ ಕೆಂಪಣ್ಣ ಫೋಟೋ ಕಳಿಸಿದ್ದ. ಗೋಡೆ ಮುಗಿದಿತ್ತು. ಆ ತುದಿಯಿಂದ ಈ ತುದಿಗೆ ಒಂದೇ ಉದ್ದ, ತಲೆಗಿಂತ ಎತ್ತರ. ಕೆಳಗೆ ಅವನ ದನಿ: "ಅಕ್ಕಯ್ಯಾ, ಮುಗೀತು ನೋಡು. ಇಲಿನೂ ನುಗ್ಗಕ್ಕಾಗಲ್ಲ ಇನ್ನ."

"ಒಬ್ಬರು ಹೋಗುವಷ್ಟು ಸಂದು ಬಿಡು" ಎಂದು ಬರೆದೆ. ಕಳಿಸುವ ಮುನ್ನ ಇನ್ನೊಮ್ಮೆ ಓದಿದೆ. ಕಟ್ಟಿದ ಗೋಡೆ ಒಡೆ ಎಂದರೆ ಅವನು ಕುಣಿದಾಡುತ್ತಾನೆ, ಊರಿಗೆ ಹೋದ ಮೇಲೆ ಮಾತಾಡಿದರಾಯಿತು, ಇನ್ನು ಮೂರು ವಾರ ತಾನೆ ಎಂದುಕೊಂಡು ಅಳಿಸಿಹಾಕಿದೆ. ಕಿಟಕಿಯಾಚೆ ಬಾರ್ಲಿ ಹೊಲಗಳು ಹೋಗುತ್ತಲೇ ಇದ್ದವು.

ಸೋಲದೇವನಹಳ್ಳಿಯಿಂದ ಮಾಕಳಿಗೆ

ಊರಿಗೆ ಬಂದ ಮೂರನೇ ಬೆಳಗ್ಗೆ ಆಟೊ ಹಿಡಿದು ಸೋಲದೇವನಹಳ್ಳಿ ಸ್ಟೇಷನ್ನಿಗೆ ಹೋದೆ. ಮಾಕಳಿಯಲ್ಲೇ ಹುಟ್ಟಿ ಬೆಳೆದವಳು ಈ ದಾರಿಯನ್ನು ಕೊನೆಯ ಸಲ ನಡೆದದ್ದು ಯಾವಾಗ ಎಂದು ಜ್ಞಾಪಕ ಬರಲಿಲ್ಲ. ಪ್ಯಾಸೆಂಜರ್ ಬಂತು. ಬುತ್ತಿ ಚೀಲ ಹಿಡಿದ ಹೆಂಗಸರು ಇಳಿದರು, ರೂಮುಗಳ ಕಡೆಯಿಂದಲೂ ಕೆಲವರು ಬಂದು ಸೇರಿಕೊಂಡರು. ನೀಲಮ್ಮ ಕಾಣಲಿಲ್ಲ. ಹೆಂಗಸರು ರಸ್ತೆ ಕಡೆ ತಿರುಗಲಿಲ್ಲ. ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ, ಇಳಿದು, ಹಳಿಯ ಪಕ್ಕದ ಜಲ್ಲಿಕಲ್ಲಿನ ಮೇಲೆ ಹೊರಟರು. ನಾನೂ ಇಳಿದೆ.

ಜಲ್ಲಿ ಕಾಲ ಕೆಳಗೆ ಜರುಗುತ್ತದೆ. ನೆಲ ನೋಡಿಕೊಂಡೇ ನಡೆಯಬೇಕು. ನೆಲ ನೋಡಿಕೊಂಡು ನಡೆಯುತ್ತಿದ್ದವಳಿಗೆ ಹಿಂದಿನಿಂದ ಹಾರನ್ ಕೇಳಿತು. ಯಾರೋ ನನ್ನ ರಟ್ಟೆ ಹಿಡಿದು ಎಳೆದರು. ಎಕ್ಸ್‌ಪ್ರೆಸ್ ರೈಲು ಮಾರು ದೂರದಲ್ಲಿ ಧಡಧಡ ಹಾದುಹೋಯಿತು. ಅದರ ಗಾಳಿಗೆ ಕನ್ನಡಕ ಹಾರಿಬಿತ್ತು, ಬಾಯೊಳಗೆಲ್ಲ ಮಣ್ಣು. ಈ ರೈಲಿಗೆ ಕೈ ತೋರಿಸಿದರೆ ನಿಲ್ಲುವುದಿಲ್ಲ.

ಎಳೆದವಳು ಕನ್ನಡಕ ಹುಡುಕಿಕೊಟ್ಟಳು.

"ದಿನಾ ಹಿಂಗೇನಾ ಬರೋದು?" ಎಂದೆ.

"ಮತ್ತ ಹ್ಯಾಂಗ್ರೀ? ರಸ್ತಾದಾಗ ಲಾರಿ ಮೈಮ್ಯಾಲೇ ಬರ್ತಾವು. ಸುತ್ತ ಬ್ಯಾರೆ. ಹೊತ್ತಾದ್ರ ಫ್ಯಾಕ್ಟರಿ ಗೇಟಿನಾಗ ನಿಂದ್ರಸ್ತಾರ, ಒಳಗ ಬಿಡಂಗಿಲ್ಲ. ಮೊದಲು ಹೊಲದಾಗಿನ ದಾರಿ ಇತ್ರೀ, ಗ್ವಾಡಿ ಕಟ್ಯಾರ." ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

"ನೀಲಮ್ಮ ಅಂತ ಒಬ್ಬಳಿದ್ದಳಲ್ಲ?"

"ಆಕಿ ಇಲ್ಲೇ ಜಲ್ಲಿ ಮ್ಯಾಲ ಜಾರಿ ಬಿದ್ಲರೀ. ಕಾಲು ಮುರದೈತಿ. ಗ್ವಾಡಿ ಮುಗದ ಮರುವಾರನ."

ಗೋಡೆ ಮುಗಿದ ಮರುವಾರ. ಬೆರಳ ತುದಿಯಲ್ಲಿ ಅಳಿಸಿದ ಆ ಒಂದು ಸಾಲು ಕಣ್ಣೆದುರು ಬಂತು. ಅವಳ ರೂಮು ಯಾವುದೆಂದು ಕೇಳಿಕೊಂಡು ನಾನು ಅಲ್ಲಿಂದಲೇ ಹಿಂದಿರುಗಿದೆ.

ನೀಲಮ್ಮನ ರೂಮಿಗೆ ಹೋದಾಗ ಅವಳು ಮೊಣಕಾಲಿನವರೆಗೆ ಸಿಮೆಂಟ್ ಪಟ್ಟಿ ಹಾಕಿಸಿಕೊಂಡು, ಕಾಲು ಚಾಚಿ ಸೊಪ್ಪು ಬಿಡಿಸುತ್ತಿದ್ದಳು. "ಬರ್ರಿ ಟೀಚರ್, ಯಾವಾಗ ಬಂದ್ರಿ? ವಿಮಾನದಾಗ ಹೆದರಿಕಿ ಆತೇನ್ರೀ?" ಎಂದು ಪಕ್ಕದ ಮನೆಯವಳಿಗೆ ಕೂಗಿ ಟೀ ತರಿಸಿದಳು. ಒಂದು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ತಪ್ಪಾಯಿತು ಎಂದು ಹೇಳಲು ಹೋದವಳು ಟೀ ಕುಡಿದು, ವಿಮಾನದ ಊಟದ ಸುದ್ದಿ ಹೇಳಿ ಎದ್ದು ಬಂದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮನೆಗೆ ಬಂದು ಕೆಂಪಣ್ಣನಿಗೆ ಎರಡು ಕಡೆಯೂ ಒಬ್ಬರು ಹೋಗುವಷ್ಟು ಗೋಡೆ ಒಡೆಸು ಎಂದೆ.

"ಇಂಗ್ಲೆಂಡ್ ಗಾಳಿ ತಲೆಗೇರೈತೆ ನಿಂಗೆ," ಎಂದ. "ಇವತ್ತು ದಾರಿ ಬಿಟ್ರೆ ನಾಳೆ ಅದು ನಕ್ಷೆಗೆ ಏರ್ತದೆ. ಆಮೇಲೆ ಶೆಡ್ ಕಟ್ಟಕ್ಕಾಗಲ್ಲ. ಯಾರೋ ಬಿದ್ರು ಅಂತ ನಮ್ಮ ಹೊಲ ಬಿಟ್ಕೊಡಕ್ಕಾಯ್ತದಾ ಅಕ್ಕಯ್ಯಾ?"

"ಏರಲಿ ಬಿಡೋ. ಅಪ್ಪ ಬಿಟ್ಟಿರಲಿಲ್ವಾ?"

"ಅಪ್ಪನ ಕಾಲ ಬೇರೆ."

"ಹಂಗಾದ್ರೆ ನನ್ನ ಪಾಲಿನಲ್ಲಿ ಬಿಡು. ದಾರಿ ಪೂರ್ತಿ ನನ್ನ ಪಾಲಿಗೇ ಸೇರಿಸಿಬಿಡು. ಶೆಡ್ ನಿನ್ನ ಕಡೆ ಕಟ್ಕೋ."

ಅವನು ನನ್ನೊಡನೆ ಮಾತು ಬಿಟ್ಟ. ಗಾರೆಯವನನ್ನು ನಾನೇ ಕರೆತಂದು ಒಡೆಸಿದೆ. ಒಡೆಯುವಾಗ ದೂರದಲ್ಲಿ ಕೈಕಟ್ಟಿ ನಿಂತಿದ್ದ ಕೆಂಪಣ್ಣ, ಕೆಲಸ ಮುಗಿಯುವ ಹೊತ್ತಿಗೆ ಹತ್ತಿರ ಬಂದು ಗಾರೆಯವನಿಗೆ, "ಇಟ್ಟಿಗೆ ಅಂಚು ಚೂಪಾಗೈತೆ. ಎಂಗಸ್ರು ಸೀರೆ ತಗುಲ್ತದೆ, ಸಿಮೆಂಟ್ ಬಳಿ" ಎಂದ. ನನ್ನ ಕಡೆ ನೋಡಲಿಲ್ಲ.

ಒಳಗೆ ಅವನು ಹಳೆಯ ದಾರಿಯನ್ನೂ ಸೇರಿಸಿ ಉತ್ತು ರಾಗಿ ಚೆಲ್ಲಿದ್ದ. ಪೈರು ಗೇಣುದ್ದ ಬಂದಿತ್ತು. ದಾರಿಗೆ ಸಿಕ್ಕ ಪೈರನ್ನು ಕಿತ್ತು ತೆಳುವಾಗಿದ್ದ ಕಡೆ ನಾಟಿ ಮಾಡಿದೆ. ಶಾಲೆಯ ಕ್ರೀಡಾದಿನಕ್ಕೆ ಓಟದ ಗೆರೆ ಎಳೆಯುತ್ತಿದ್ದೆನಲ್ಲ, ಹಾಗೆಯೇ ಹಗ್ಗ ಹಿಡಿದು ಸುಣ್ಣದ ಪುಡಿಯಲ್ಲಿ ಎರಡು ಗೆರೆ ಎಳೆದೆ, ಆ ಸಂದಿನಿಂದ ಈ ಸಂದಿಗೆ ನೇರ, ಹೊಲದ ನಡುವೆ. ಮಳೆ ಬಂದು ಅಳಿಸಿದಾಗಲೆಲ್ಲ ಮತ್ತೆ ಎಳೆದೆ. ಹೆಂಗಸರು ಮೊದಲು ಅನುಮಾನಿಸಿದರು, ಆಮೇಲೆ ನಡೆದರು. ಕವರುಗಳು ಈಗಲೂ ಬೀಳುತ್ತವೆ. ನಾನು ಬೈಯುತ್ತೇನೆ, ಆಯುತ್ತೇನೆ.

ರಾಗಿ ತೆನೆ ಹೊಡೆಯುವ ಹೊತ್ತಿಗೆ ನೀಲಮ್ಮನ ಪಟ್ಟಿ ಬಿಚ್ಚಿದರು. ಅವಳು ಮತ್ತೆ ಕೆಲಸಕ್ಕೆ ಹೊರಟ ಮೊದಲ ಬೆಳಗ್ಗೆ ನಾನು ಹೊಲದಲ್ಲಿ ಕಳೆ ನೋಡುತ್ತಿದ್ದೆ. ಹೆಂಗಸರು ಸಂದಿನಲ್ಲಿ ಒಬ್ಬೊಬ್ಬರೇ ಬಂದು ಪೈರಿನ ನಡುವೆ ಸಾಲಾಗಿ ಹೋದರು. ಕೊನೆಗೆ ನೀಲಮ್ಮ, ಒಂದು ಕಾಲು ಎಳೆದುಕೊಂಡು. ಸಂದು ದಾಟಿದವಳು ತಲೆ ಎತ್ತಿ ನನ್ನನ್ನು ನೋಡಿದಳು. ನೋಡಿದವಳೇ ದಾರಿ ಬಿಟ್ಟು, ಗೋಡೆಯ ಬುಡ ಹಿಡಿದು, ಕಲ್ಲು ಗುಪ್ಪೆಯ ಬದುವಿನ ಮೇಲೆ ಹೊರಟಳು. ಒಂದು ತೆನೆಗೂ ಸೀರೆ ಸೋಕದಂತೆ ನೆರಿಗೆ ಎತ್ತಿ ಹಿಡಿದುಕೊಂಡಿದ್ದಳು.

ಅದೆಲ್ಲಿತ್ತೋ ಕೋಪ. "ಏಯ್ ನೀಲಮ್ಮ! ಅಲ್ಲಿ ಯಾಕೆ ಹೋಗ್ತೀಯ? ದಾರಿ ಇರೋದು ನಡುವೆ! ನಡುವೆ ಬಾ!" ಎಂದು ಇಡೀ ಹೊಲ ಕೇಳುವಂತೆ ಕೂಗಿದೆ.

ಅವಳು ಕಲ್ಲಿನಂತೆ ನಿಂತಳು. ಬುತ್ತಿ ಚೀಲ ಕಂಕುಳಿಗೆ ಸೇರಿಸಿ ಎರಡೂ ಕೈ ಮುಗಿದಳು. "ತಪ್ಪಾತ್ರೀ ಟೀಚರ್. ಪೈರು ತುಳಿದಿಲ್ರೀ."

ನಾನು ಅವಳಿದ್ದಲ್ಲಿಗೆ ಹೋದೆ. ಅಷ್ಟು ದಿನ ಬಾಯಿಗೆ ಬರದ ಮಾತನ್ನು ಹೇಳಿದೆ: "ತಪ್ಪು ನಂದು ನೀಲಮ್ಮ." ಅವಳ ಕೈ ಹಿಡಿದು ದಾರಿಯ ತಲೆಗೆ ಕರೆತಂದು, ವಾಲಿದ್ದ ರಾಗಿಯನ್ನು ಎರಡು ಕೈಯಿಂದ ಆ ಕಡೆ ಈ ಕಡೆ ಸರಿಸುತ್ತ ನಾನು ಮುಂದೆ ನಡೆದೆ. ಸ್ವಲ್ಪ ದೂರ ಬರೀ ನನ್ನ ಹೆಜ್ಜೆಯೇ ಕೇಳಿಸುತ್ತಿತ್ತು. ಆಮೇಲೆ ಹಿಂದಿನಿಂದ ಅವಳದೂ ಕೇಳಿಸಿತು, ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಮೆಲ್ಲಗೆ.